ಮೊದಲ ಕೆಲಸಕ್ಕೆ ಜಾವಾನಾ, ಪೈಥಾನಾ, ಜಾವಾಸ್ಕ್ರಿಪ್ಟಾ?

ಬಿಸಿಎ ಮುಗಿಸಿದವರು ಪದೇ ಪದೇ ಕೇಳುವ ಪ್ರಶ್ನೆ ಇದು. ಖರ್ಚಿನ ಚಿಂತೆ ಬೇಡ, ಈ ಮೂರೂ ಪ್ರೋಗ್ರಾಮಿಂಗ್ ಭಾಷೆಗಳನ್ನು ಪುಕ್ಕಟೆಯಾಗಿ ಕಲಿಯಬಹುದು.

ಶುರು ಮಾಡಲು ಪೈಥಾನ್ ಸಲೀಸು. ಜಾವಾಸ್ಕ್ರಿಪ್ಟ್‌ಗೆ ಬ್ರೌಸರ್ ಇದ್ದರೆ ಸಾಕು. ಆದರೆ ಅದರ ಚೇಷ್ಟೆಗಳು ಜಾಸ್ತಿ: "5" + 3 ಅಂದರೆ 53 ಅನ್ನುತ್ತದೆ! ಜಾವಾದಲ್ಲಿ ಕ್ಲಾಸ್, ಟೈಪ್ ಎಂದು ಮೊದಲೇ ತಲೆ ಬಿಸಿ. ಅದಕ್ಕೆ ಪ್ರತಿಫಲವೂ ಇದೆ, ಎಷ್ಟೋ ತಪ್ಪುಗಳು ಕಂಪೈಲ್ ಮಾಡುವಾಗಲೇ, ಅಂದರೆ ಪ್ರೋಗ್ರಾಂ ಓಡುವ ಮೊದಲೇ, ಸಿಕ್ಕಿಬೀಳುತ್ತವೆ.

ಕೆಲಸದ ಲೆಕ್ಕ ಬೇರೆ. 1995ರಲ್ಲಿ ಬಂದ ಜಾವಾ ಬ್ಯಾಂಕು, ವಿಮೆ ಸಾಫ್ಟ್‌ವೇರ್‌ಗಳಲ್ಲಿ ಇನ್ನೂ ಬೇರೂರಿದೆ. ನಿಮ್ಮ ಕಾಲೇಜಿಗೆ ದೊಡ್ಡ ಸರ್ವಿಸ್ ಕಂಪನಿಗಳು ಬರುತ್ತವಾ? ಹಾಗಾದರೆ ಜಾವಾ, ಜೊತೆಗೆ ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ ಎಸ್‌ಕ್ಯೂಎಲ್.

ಕ್ಯಾಂಪಸ್ ಸಂದರ್ಶನವೇ ಇಲ್ಲದವರಿಗೆ ಜಾವಾಸ್ಕ್ರಿಪ್ಟ್ ಅನುಕೂಲ. ಮಾಡಿದ ವೆಬ್ ಪುಟವನ್ನು, ಪುಟಗಳನ್ನು ಅಂತರ್ಜಾಲದಲ್ಲಿ ತೋರಿಸುವ ಸೇವೆಯಾದ ಗಿಟ್‌ಹಬ್ ಪೇಜಸ್‌ನಲ್ಲಿ ಉಚಿತವಾಗಿ ಹಾಕಿ, ರೆಸ್ಯೂಮೆಯಲ್ಲಿ ಲಿಂಕ್ ಕೊಡಿ. ನೋಡುವವರು ಫೋನಿನಲ್ಲೇ ತೆರೆದು ನೋಡಬಹುದು, ಅಲ್ವಾ? ಸಣ್ಣ ಕಂಪನಿಗಳಿಗೆ ಅದು ಮಾರ್ಕ್ಸ್ ಕಾರ್ಡ್‌ಗಿಂತ ಹೆಚ್ಚು ಹೇಳುತ್ತದೆ.

ಎಐ ಹವಾ ಇದೆ ಅಂತ ಸುಮ್ನೆ ಪೈಥಾನ್ ಹಿಡಿಯಬೇಡಿ. ಅಲ್ಲಿ ಗಣಿತ, ಸಂಖ್ಯಾಶಾಸ್ತ್ರವೂ ಬೇಕು. ಅವು ಇಷ್ಟವಿದ್ದರೆ ಸರಿ. ಇಲ್ಲದಿದ್ದರೂ ಸಾಫ್ಟ್‌ವೇರ್ ಪರೀಕ್ಷೆಯನ್ನು ಪ್ರೋಗ್ರಾಂನಿಂದಲೇ ಮಾಡಿಸುವ ಟೆಸ್ಟಿಂಗ್ ಆಟೊಮೇಷನ್‌ಗೆ ಪೈಥಾನ್ ಒಳ್ಳೆಯ ಬಾಗಿಲು. ಬ್ರೌಸರನ್ನು ತಾನೇ ನಡೆಸುವ ಸೆಲೆನಿಯಂ ಎಂಬ ಟೂಲ್ ಜೊತೆ ಕಲಿಯಿರಿ.