ಹಳ್ಳದ ನೀರು ಅಳೆಯೋಕೆ ಯಾವುದು ಸರಿ: ಪಟ್ಟಿ, ಪೆನ್ ಮೀಟರ್, ಹನಿ ಕಿಟ್?

ಹಳ್ಳದ ನೀರನ್ನು ನಾವೇ ಪರೀಕ್ಷೆ ಮಾಡಬೇಕು ಅಂತ ಹೊರಟರೆ ಮುಖ್ಯವಾಗಿ ಮೂರು ದಾರಿ ಇವೆ. ಅದ್ದಿ ತೆಗೆಯುವ ಬಣ್ಣದ ಪಟ್ಟಿ, ಜೇಬಿನಲ್ಲಿ ಹಿಡಿಸುವ ಪೆನ್ ಮೀಟರ್, ಹನಿ ಹಾಕಿ ಬಣ್ಣ ನೋಡುವ ಕಿಟ್. ಮೂರನ್ನೂ ಒಂದೇ ಹಳ್ಳದಲ್ಲಿ, ಮಳೆಗಾಲದ ಕೆಂಪು ನೀರಿನಲ್ಲೂ ಬೇಸಿಗೆಯ ತಿಳಿನೀರಿನಲ್ಲೂ ಬಳಸಿ ನೋಡಿದ್ದೇನೆ. ಯಾವುದು ಒಳ್ಳೆಯದು ಅನ್ನುವುದು ಏನನ್ನು ಅಳೆಯುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಆದರೆ ನಾನು ಆರಿಸುವಾಗ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ: ಇದು ಕೆಟ್ಟಾಗ ನನಗೆ ಗೊತ್ತಾಗುತ್ತದಾ?

ಪಟ್ಟಿಯಿಂದ ಶುರು ಮಾಡೋಣ. ಒಂದೇ ಪಟ್ಟಿಯಲ್ಲಿ ಹತ್ತಾರು ಚೌಕ ಇರುವಂಥವು ನೋಡೋಕೆ ಚೆನ್ನ. ತೊಂದರೆ ಏನೆಂದರೆ, ಅವುಗಳಲ್ಲಿ ಹೆಚ್ಚಿನವು ಬಾವಿ, ಈಜುಕೊಳ, ಮೀನಿನ ತೊಟ್ಟಿಗೆಂದು ಮಾಡಿದವು. ನಾನು ಬಳಸಿದ ಪಟ್ಟಿಯಲ್ಲಿ ನೈಟ್ರೇಟ್ ಸೊನ್ನೆಯಿಂದ ನೇರ 10ಕ್ಕೆ ಹಾರುತ್ತದೆ. ಸುಮಾರಾಗಿ ಶುದ್ಧವಾಗಿರುವ ಹಳ್ಳದಲ್ಲಿ ಲೀಟರಿಗೆ ಒಂದೆರಡು ಮಿಲಿಗ್ರಾಂ ಇದ್ದರೆ ಜಾಸ್ತಿ. ಹಾಗಾಗಿ ಪಟ್ಟಿ ಯಾವಾಗಲೂ ‘ಏನೂ ಇಲ್ಲ’ ಅನ್ನುತ್ತದೆ. ಫಾಸ್ಫೇಟ್ ಕಥೆ ಇನ್ನೂ ಕಷ್ಟ. ಅದು ಲೀಟರಿಗೆ 0.1 ಮಿಲಿಗ್ರಾಂ ಇದ್ದರೂ ಪಾಚಿಗೆ ಸಾಕು, ಪಟ್ಟಿಯ ಕಣ್ಣಿಗೆ ಬೀಳುವುದೇ ಇಲ್ಲ. ಚರಂಡಿ ಬಂದು ಸೇರುವ ಜಾಗದ ಮೇಲೆ ಒಂದು, ಕೆಳಗೆ ಒಂದು ಅದ್ದಿ ದೊಡ್ಡ ವ್ಯತ್ಯಾಸ ಹುಡುಕೋಕೆ ಮಾತ್ರ ಪಟ್ಟಿ ಇಟ್ಟುಕೊಂಡಿದ್ದೇನೆ. ಡಬ್ಬಿ ಮುಚ್ಚಳ ಸಡಿಲ ಬಿಟ್ಟರೆ ತೇವ ಹೊಕ್ಕು ಚೌಕಗಳು ಮೊದಲೇ ಬಣ್ಣ ತಿರುಗಿರುತ್ತವೆ. ಅದಾದರೂ ಕಣ್ಣಿಗೆ ಕಾಣುತ್ತದೆ, ಅದು ಒಳ್ಳೆಯದೇ.

ಚಾರ್ಟ್ ಓದುವಾಗ ಒಂದು ಎಚ್ಚರ: ಕೆಲವು ಕಂಪನಿಗಳು ನೈಟ್ರೇಟ್ ಅಂತ, ಕೆಲವು ನೈಟ್ರೇಟ್‌ನಲ್ಲಿರುವ ನೈಟ್ರೋಜನ್ ಅಂತ ಬರೆಯುತ್ತವೆ. ಎರಡರ ನಡುವೆ 4.43 ಪಟ್ಟು ಅಂತರ.

ಪೆನ್ ಮೀಟರ್‌ಗಳಲ್ಲಿ ಎರಡು ಜಾತಿ, ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗೋ ಹಾಗಿಲ್ಲ. ಟಿಡಿಎಸ್ (ನೀರಲ್ಲಿ ಕರಗಿರುವ ಒಟ್ಟು ವಸ್ತು) ಪೆನ್ ಅಂತ ಮಾರುವುದು ನಿಜವಾಗಿ ನೀರಿನ ವಿದ್ಯುತ್ ವಾಹಕತೆ ಅಳೆಯುತ್ತದೆ. ಆಮೇಲೆ ಅದನ್ನು 0.5ರಿಂದ 0.7ರ ಒಳಗಿನ ಯಾವುದೋ ಸಂಖ್ಯೆಯಿಂದ ಗುಣಿಸಿ ತೋರಿಸುತ್ತದೆ. ಅದಕ್ಕೇ ಎರಡು ಕಂಪನಿಯ ಪೆನ್‌ಗಳು ಒಂದೇ ಲೋಟದಲ್ಲಿ ಬೇರೆ ಬೇರೆ ಅಂಕಿ ಕೊಡುತ್ತವೆ. ವಾಹಕತೆಯನ್ನೇ ಮೈಕ್ರೋಸೀಮೆನ್ಸ್‌ನಲ್ಲಿ ತೋರಿಸುವ, ಉಷ್ಣತೆಗೆ ತಾನೇ ಸರಿಹೊಂದಿಸಿಕೊಳ್ಳುವ ಪೆನ್ ತಗೊಳ್ಳಿ. ಒಂದು ಡಿಗ್ರಿ ಬಿಸಿ ಏರಿದರೆ ವಾಹಕತೆ ಸುಮಾರು ಶೇ. 2ರಷ್ಟು ಏರುತ್ತದೆ. ಏನು ಕರಗಿದೆ ಅಂತ ಇದು ಹೇಳುವುದಿಲ್ಲ. ಆದರೆ ಎಲ್ಲೋ ಏನೋ ಬಂದು ಸೇರಿದೆ ಅಂತ ಇಷ್ಟು ಬೇಗ, ಇಷ್ಟು ಕಡಿಮೆ ಖರ್ಚಿನಲ್ಲಿ ಹೇಳುವುದು ಬೇರೊಂದಿಲ್ಲ.

ನೀರಿನ ಆಮ್ಲ-ಕ್ಷಾರ ಗುಣ ಅಳೆಯುವ ಪಿಎಚ್ ಪೆನ್ ಮಾತ್ರ ಎಳೆ ಮಗು ಸಾಕಿದ ಹಾಗೆ. ತುದಿಯ ಗಾಜಿನ ಗುಳ್ಳೆ ಒಣಗಬಾರದು, ಡಿಸ್ಟಿಲ್ಡ್ ನೀರಿನಲ್ಲೂ ಇಡಬಾರದು, ಅದಕ್ಕೇ ಅಂತ ಬರುವ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣವೇ ಬೇಕು. ಹೊರಡುವ ಮುಂಚೆ 7ರ ಮತ್ತು 4ರ ಅಥವಾ 10ರ ಬಫರ್‌ನಲ್ಲಿ, ಅಂದರೆ ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ, ಅದ್ದಿ ಸರಿಪಡಿಸಬೇಕು. ಲವಣ ಕಡಿಮೆ ಇರುವ ಮೆದು ನೀರಿನಲ್ಲಿ ಅಂಕಿ ಬೇಗ ನಿಲ್ಲುವುದಿಲ್ಲ, ನಿಮಿಷಗಟ್ಟಲೆ ಅಲ್ಲಾಡುತ್ತಿರುತ್ತದೆ. ನನಗೆ ಸಿಟ್ಟು ಬರುವುದು ಇದಕ್ಕಲ್ಲ. ಗುಳ್ಳೆ ಸತ್ತಿದ್ದರೂ ಪರದೆ ಮೇಲೆ 6.98 ಅಂತ ಎರಡು ದಶಮಾಂಶದೊಂದಿಗೆ ಠೀವಿಯಿಂದ ಬರುತ್ತದಲ್ಲ, ಅದಕ್ಕೆ! ಹನಿ ಕಿಟ್ಟಿನ ಬಣ್ಣದ ದ್ರಾವಣ ಬ್ರೋಮೋಥೈಮಾಲ್ ಬ್ಲೂ 6.0ರಿಂದ 7.6ರೊಳಗೆ ಹಳದಿಯಿಂದ ಹಸಿರಾಗಿ ನೀಲಿಗೆ ತಿರುಗುತ್ತದೆ. ದಶಮಾಂಶ ಸಿಗುವುದಿಲ್ಲ, ಆದರೆ ಸುಮ್ನೆ ಸುಳ್ಳು ಹೇಳುವುದಿಲ್ಲ. ತಿಂಗಳಿಗೊಮ್ಮೆ ಅಳೆಯುವವರಿಗೆ ನಾನು ಹನಿಯನ್ನೇ ಹೇಳುತ್ತೇನೆ. ಯಾವುದರಲ್ಲಿ ಅಳೆದರೂ ಹೊತ್ತು ಒಂದೇ ಇರಲಿ. ಬಿಸಿಲಿಗೆ ಪಾಚಿ ಕೆಲಸ ಮಾಡಿದಷ್ಟೂ ಮಧ್ಯಾಹ್ನದ ಪಿಎಚ್ ಏರುತ್ತದೆ.

ಕರಗಿದ ಆಮ್ಲಜನಕದ ವಿಷಯದಲ್ಲಿ ಪೈಪೋಟಿ ಜೋರು. ಹನಿ ಕಿಟ್ಟಿನ ಒಳಗಿರುವುದು 1888ರ ವಿಂಕ್ಲರ್ ವಿಧಾನ. ಬಾಟಲಿಯನ್ನು ನೀರೊಳಗೇ ತುಂಬಿ, ಒಂದು ಗುಳ್ಳೆಯೂ ಉಳಿಯದಂತೆ ಮುಚ್ಚಬೇಕು. ಎರಡು ದ್ರಾವಣ ಹಾಕಿ ಅಲುಗಾಡಿಸಿದರೆ ಕಂದು ಬಣ್ಣದ ಮೋಡ ಕಟ್ಟಿಕೊಂಡು ನಿಧಾನಕ್ಕೆ ತಳಕ್ಕಿಳಿಯುತ್ತದೆ. ಬಿಳಿಯಾಗಿಯೇ ಉಳಿದರೆ ಆ ನೀರಲ್ಲಿ ಆಮ್ಲಜನಕವೇ ಇಲ್ಲ, ಮುಂದಕ್ಕೆ ಲೆಕ್ಕ ಮಾಡುವ ಅಗತ್ಯವೂ ಇಲ್ಲ. ಆಮ್ಲ ಹಾಕಿದಾಗ ಮೋಡ ಕರಗಿ ಹಳದಿಯಾಗುತ್ತದೆ. ಥಯೋಸಲ್ಫೇಟ್ ದ್ರಾವಣವನ್ನು ಹನಿಹನಿಯಾಗಿ ಹಾಕಿ, ಬಣ್ಣ ತೆಳುವಾದ ಮೇಲೆ ಸ್ಟಾರ್ಚ್ ಹಾಕಿದರೆ ಕಡುನೀಲಿ. ಮತ್ತೆ ಹನಿ ಬಿಡುತ್ತಾ ಹೋದರೆ ಕೊನೆಯ ಒಂದು ಹನಿಗೆ ನೀಲಿ ಹಾರಿಹೋಗುತ್ತದೆ. ಅಲ್ಲಿಯವರೆಗೆ ಎಷ್ಟು ಥಯೋಸಲ್ಫೇಟ್ ಹಿಡಿಯಿತು ಅನ್ನುವುದರಿಂದಲೇ ಆಮ್ಲಜನಕದ ಲೆಕ್ಕ. ಹನಿ ಎಣಿಸುವ ಕಿಟ್‌ಗಿಂತ ಸಣ್ಣ ಸಿರಿಂಜಿನಲ್ಲಿ ಅಳತೆ ಓದುವ ಕಿಟ್ ಇನ್ನೂ ಸೂಕ್ಷ್ಮ. ಕೈಗವಸು, ಕನ್ನಡಕ ಬೇಕೇ ಬೇಕು. ಉಳಿದದ್ದನ್ನು ಹಳ್ಳಕ್ಕೆ ಚೆಲ್ಲದೆ ಬಾಟಲಿಯಲ್ಲಿ ವಾಪಸ್ ತರಬೇಕು.

ಮೀಟರ್‌ನಲ್ಲಿ ಪೊರೆ ಇರುವ ಪ್ರೋಬ್ ಅಳೆಯುವಾಗ ತಾನೇ ಆಮ್ಲಜನಕ ತಿನ್ನುತ್ತದೆ, ನಿಂತ ನೀರಿನಲ್ಲಿ ಅಲುಗಾಡಿಸುತ್ತಲೇ ಇರಬೇಕು. ಬೆಳಕಿನಿಂದ ಅಳೆಯುವ ಆಪ್ಟಿಕಲ್ ಪ್ರೋಬಿಗೆ ಆ ಗೋಳಿಲ್ಲ, ಬೆಲೆಯೇ ಗೋಳು. ಆಮ್ಲಜನಕ ತೀರಾ ಇಳಿಯುವುದು ಬೆಳಗಿನ ಜಾವ. ರಾತ್ರಿಯಿಡೀ ದಾಖಲೆ ಬೇಕಾದವರಿಗೆ ಆಪ್ಟಿಕಲ್ ಪ್ರೋಬೇ ಸರಿ. ಮೀಟರ್ ನಂಬಬಹುದಾ ಅಂತ ನೋಡೋಕೆ ಒಂದು ಸುಲಭ ಅಂಕಿ ನೆನಪಿರಲಿ: ಸಮುದ್ರಮಟ್ಟದಲ್ಲಿ ಗಾಳಿ ತುಂಬಿದ ಸಿಹಿನೀರು 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9.1 ಮಿಲಿಗ್ರಾಂ ಹಿಡಿದಿಟ್ಟುಕೊಳ್ಳುತ್ತದೆ, 30ರಲ್ಲಿ ಸುಮಾರು 7.6. ಎತ್ತರದ ಜಾಗದಲ್ಲಿ ಇನ್ನೂ ಕಡಿಮೆ.

ರಾಡಿ ಅಳೆಯೋಕೆ ನನ್ನ ಓಟು ಪಾರದರ್ಶಕ ಕೊಳವೆಗೆ. ತಳದಲ್ಲಿ ಕಪ್ಪು-ಬಿಳಿ ಬಿಲ್ಲೆ, ಅದು ಕಾಣಿಸುವವರೆಗೆ ತುಂಬಿದ ನೀರನ್ನು ಹೊರಗೆ ಬಿಡುತ್ತಾ ಹೋಗುವುದು, ಅಷ್ಟೇ. ತಿಳಿನೀರಿನಲ್ಲಿ ಕೊಳವೆ ತುಂಬಿದರೂ ಬಿಲ್ಲೆ ಕಾಣುತ್ತಲೇ ಇರುತ್ತದೆ, ಅಲ್ಲಿ ಟರ್ಬಿಡಿಟಿ ಮೀಟರೇ ಬೇಕು. ಅದರ ಗಾಜಿನ ಸೀಸೆಗೆ ಬೆರಳಚ್ಚು ಅಂಟಿದರೂ ಅಂಕಿ ಏರುತ್ತದೆ.

ನೀರು ಕುಡಿಯೋಕೆ ಆಗುತ್ತದಾ ಅನ್ನುವ ಪ್ರಶ್ನೆಗೆ ಇವುಗಳಲ್ಲಿ ಯಾವುದೂ ಉತ್ತರ ಕೊಡುವುದಿಲ್ಲ. ಮಲ ಸೇರಿದೆಯಾ ಅಂತ ತೋರಿಸುವ ಇ. ಕೋಲಿ ಬ್ಯಾಕ್ಟೀರಿಯಾ ನೋಡೋಕೆ ಮಾದರಿಯನ್ನು ಸುಮಾರು 35 ಡಿಗ್ರಿಯಲ್ಲಿ ಒಂದು ದಿನ ಬೆಳೆಸಬೇಕು. ಅದಕ್ಕೆ ಲ್ಯಾಬಿಗೆ ಕೊಡುವುದೇ ವಾಸಿ.

ಕಿಟ್ ತಗೊಳ್ಳುವಾಗ ಪ್ರತಿ ಸೀಸೆಯ ಮೇಲಿನ ಮುಗಿಯುವ ದಿನಾಂಕ ನೋಡಿ. ಹೊರಗಿನ ಡಬ್ಬಿಯದಲ್ಲ. ಒಳಗಿನ ಸ್ಟಾರ್ಚ್ ಮತ್ತು ಥಯೋಸಲ್ಫೇಟ್ ಬಿಡಿಯಾಗಿ ಸಿಗುತ್ತವಾ ಅಂತಲೂ ಮೊದಲೇ ಕೇಳಿಕೊಳ್ಳಿ.