ಅಜ್ಜಿ ಕತೆ, ತಾಳಮದ್ದಳೆ ದಾಖಲಿಸಲು ಝೂಮ್ ಎಚ್‌1ಎನ್ ಸಾಕೇ?

ಮೊಬೈಲ್ ಕೈಯಲ್ಲೇ ಇರುವಾಗ ಕತೆ ಹಿಡಿದಿಡಲು ಝೂಮ್ ಕಂಪನಿಯ ಎಚ್‌1ಎನ್‌ನಂಥ ಬೇರೆ ರೆಕಾರ್ಡರ್ ಯಾಕೆ ಎಂದು ಕೇಳುವವರಿಗೆ ಉತ್ತರ ಒಂದೇ: ‘ಹೂಂ’. ಎದುರು ಕೂತವರು ಹೂಂಗುಟ್ಟದಿದ್ದರೆ ನಮ್ಮ ಕಡೆ ಅಜ್ಜಿ ಕತೆ ಮುಂದೆ ಹೋಗುವುದಿಲ್ಲ. ರಾಜಸ್ಥಾನದ ಕತೆಗಾರರಿಗೂ ಹುಂಕಾರ ಕೊಡುವವರು ಬೇಕು. ಹೈಟಿಯಲ್ಲಿ ಹೇಳುವವರು ‘ಕ್ರಿಕ್?’ ಅಂದು, ಕೇಳುವವರು ‘ಕ್ರಾಕ್!’ ಅಂದ ಮೇಲೆಯೇ ಕತೆ ಶುರು. ಮೊಬೈಲ್ ಎಷ್ಟೋ ಸಲ ಇಂಥ ಸಣ್ಣ ದನಿಯನ್ನು ಗದ್ದಲವೆಂದು ಬಗೆದು ಅಳಿಸಿಬಿಡುತ್ತದೆ. ನಡುವೆ ಫೋನ್ ಬಂದರಂತೂ ಮುಗಿಯಿತು.

2018ರಲ್ಲಿ ಬಂದ ಎಚ್‌1ಎನ್ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು. ತಲೆಯ ಮೇಲೆ ಅಡ್ಡಡ್ಡವಾಗಿ ಎರಡು ಮೈಕು, ಮುಂಭಾಗದಲ್ಲಿ ದನಿಯ ಮಟ್ಟಕ್ಕೊಂದು ಗುಂಡು ತಿರುಗಣೆ. ಎರಡು ಎಎಎ ಸೆಲ್ಲಿಗೆ ಸುಮಾರು 10 ಗಂಟೆ ನಡೆಯುತ್ತದೆ, ಹಾಗಾಗಿ ಕರೆಂಟ್ ಹೋಯಿತೆಂಬ ಚಿಂತೆಯಿಲ್ಲ. 32 ಜಿಬಿ ಕಾರ್ಡಿಗಿಂತ ದೊಡ್ಡದನ್ನು ಹಾಕುವಂತಿಲ್ಲ. 24 ಬಿಟ್, 48 ಕಿಲೋಹರ್ಟ್ಸ್‌ನ, ದನಿಯನ್ನು ಕುಗ್ಗಿಸದೆ ಇಡುವ ವೇವ್ ಕಡತ ಗಂಟೆಗೆ ಒಂದು ಜಿಬಿಯಷ್ಟಾಗುವುದರಿಂದ ಅಷ್ಟು ಜಾಗ ಧಾರಾಳ. 2 ಜಿಬಿ ದಾಟಿದಾಗ ಅದೇ ಹೊಸ ಕಡತ ತೆರೆದುಕೊಳ್ಳುತ್ತದೆ, ಹೇಳುವವರನ್ನು ತಡೆಯಬೇಕಾಗಿಲ್ಲ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್ಮನ್ ಪ್ಯಾರಿ ಯುಗೊಸ್ಲಾವಿಯಾದ ಗಾಯಕರ ದೀರ್ಘ ಕಾವ್ಯಗಳನ್ನು ಅಲ್ಯುಮಿನಿಯಂ ತಟ್ಟೆಗಳಲ್ಲಿ ಹಿಡಿಯುವಾಗ, ಹಾಡು ತುಂಡಾಗದಿರಲೆಂದೇ ಜೋಡಿ ತಟ್ಟೆಯ ಯಂತ್ರ ಮಾಡಿಸಿಕೊಂಡಿದ್ದರು.

ಇಡುವ ಜಾಗದಲ್ಲೇ ಮುಕ್ಕಾಲು ಕೆಲಸ ಇದೆ. ಕತೆ ಹೇಳುವವರ ಬಾಯಿಂದ ಒಂದು ಮೊಳ ದೂರ, ಗದ್ದಕ್ಕಿಂತ ತುಸು ಕೆಳಗೆ. ಮೈಕಿನ ಎಡಕ್ಕೆ ಹೇಳುವವರು, ಬಲಕ್ಕೆ ಹೂಂಗುಟ್ಟುವವರು ಕೂತರೆ ಎರಡು ದನಿಯೂ ಬೇರೆಬೇರೆಯಾಗಿ ಕೇಳುತ್ತವೆ. ಮೀಟರಿನ ಗರಿಷ್ಠ ಮಟ್ಟ ಮೈನಸ್ 12 ಡೆಸಿಬೆಲ್‌ನ ಸುತ್ತ ನಿಲ್ಲಲಿ. ಆಟೋ ಲೆವೆಲ್ ಬೇಡವೇ ಬೇಡ: ಅಜ್ಜಿ ರಾಕ್ಷಸ ಬಂದನೆಂದು ದನಿ ತಗ್ಗಿಸಿದ ಕೂಡಲೇ ಅದು ಮಟ್ಟ ಏರಿಸಿ ಜೀರುಂಡೆ ಸದ್ದನ್ನು ಮುಂದಕ್ಕೆ ತರುತ್ತದೆ, ಪಿಸುಮಾತಿನ ಭಯವೇ ಹೋಗುತ್ತದೆ. ಹಲಗೆಯ ಮೇಲೆ ನೇರ ಇಟ್ಟರೆ ಯಾರೋ ನಡೆದಾಡಿದ್ದೆಲ್ಲ ಧಡಧಡ ಎಂದು ದಾಖಲಾಗುತ್ತದೆ. ಪುಟ್ಟ ಟ್ರೈಪಾಡಿನ ಕೆಳಗೆ ಮಡಚಿದ ಕಂಬಳಿ ಹಾಕಿ. ಫ್ಯಾನು, ಫ್ರಿಜ್ ಆರಿಸಿ. ಆಷಾಢದ ಮಳೆಯಲ್ಲಿ ತಗಡಿನ ಮಾಡಿನ ಕೆಳಗೆ ಕೂರಬೇಡಿ. ಆ ಸದ್ದು ಮಾತಿನ ಮೇಲೇ ಬೀಳುವುದರಿಂದ ಆಮೇಲೆ ಬೇರ್ಪಡಿಸಲಾಗದು.

ವೇಷ, ಕುಣಿತವಿಲ್ಲದೆ ಕೂತು ನಡೆಸುವ ಯಕ್ಷಗಾನವಾದ ತಾಳಮದ್ದಳೆಗೆ ಲೆಕ್ಕ ಬೇರೆ. ಪಾತ್ರಗಳ ಮಾತಾಡುವ ಅರ್ಥಧಾರಿಗಳು ಎದುರುಬದುರು ಕೂರುವುದರಿಂದ ರೆಕಾರ್ಡರನ್ನು ಎರಡು ಸಾಲಿನ ನಡುವೆ, ಮುಂತುದಿಯಲ್ಲಿ, ಹಿಮ್ಮೇಳದ ಕಡೆ ಮುಖ ಮಾಡಿ ಇಡಿ. ಕೃಷ್ಣ ಎಡದಿಂದ, ಕೌರವ ಬಲದಿಂದ ಮಾತಾಡುತ್ತಾರೆ. ವಾದ ಬಿಸಿಯೇರಿ ಒಬ್ಬರ ಮೇಲೊಬ್ಬರು ಮಾತೆತ್ತಿದಾಗ ಇದರ ಬೆಲೆ ಗೊತ್ತಾಗುತ್ತದೆ. ಮಟ್ಟವನ್ನು ಮಾತಿಗಲ್ಲ, ಮದ್ದಳೆಯ ಜೋರು ಪೆಟ್ಟಿಗೆ ಹೊಂದಿಸಿ, ಮಿತಿ ಮೀರಿದ ದನಿಯನ್ನು ತಗ್ಗಿಸುವ ಲಿಮಿಟರ್ ಹಾಕಿ. ತಗ್ಗು ಸ್ವರಗಳನ್ನು ಕತ್ತರಿಸುವ ಲೋ ಕಟ್ ಆಫ್ ಮಾಡಿ, ಇಲ್ಲದಿದ್ದರೆ ಮದ್ದಳೆ ಸೊರಗುತ್ತದೆ. ಶಿವಮೊಗ್ಗ ಬಳಿಯ ಹೊಸಹಳ್ಳಿಯಂಥ ಕಡೆ ಗಮಕ (ರಾಗವಾಗಿ ಕಾವ್ಯ ಓದುವ ಕಲೆ) ದಾಖಲಿಸುವವರು ವಾಚನಕಾರರು, ವ್ಯಾಖ್ಯಾನಕಾರರು ಇಬ್ಬರಿಗೂ ಸಮದೂರದಲ್ಲಿಟ್ಟರೆ ಸಾಕು.

ಈ ರೆಕಾರ್ಡರ್ ಸೋಲುವುದು ಮಲೆನಾಡಿನ ಅಂಟಿಗೆ–ಪಂಟಿಗೆಯಲ್ಲಿ. ದೀಪಾವಳಿ ರಾತ್ರಿ ಜ್ಯೋತಿ ಹಿಡಿದು ಮನೆಯಿಂದ ಮನೆಗೆ ಹೋಗುವವರ ಜತೆ ಇದನ್ನು ಕೈಯಲ್ಲಿ ಹಿಡಿದು ನಡೆದರೆ ಪ್ಲಾಸ್ಟಿಕ್ ಮೈಯ ಮೇಲೆ ಬೆರಳು ಸರಿದ ಸದ್ದೂ ಸೇರಿಕೊಳ್ಳುತ್ತದೆ. ಅವರಿಗಿಂತ ಮುಂಚೆ ಮುಂದಿನ ಮನೆ ತಲುಪಿ, ಜಗುಲಿಯಲ್ಲಿ ನಿಲ್ಲಿಸಿ, ಬಾಗಿಲು ತೆಗೆಸುವ ಪದದಿಂದ ಹಿಡಿಯುವುದೇ ದಾರಿ. ತೀರಾ ಮೆಲುದನಿಯವರನ್ನು ದೂರದಿಂದ ಹಿಡಿದರೆ ಯಂತ್ರದ್ದೇ ‘ಸ್ಸ್’ ಎಂಬ ಸದ್ದು ಕೇಳುತ್ತದೆ. ಹತ್ತಿರ ಹೋಗದೆ ಬೇರೆ ಉಪಾಯವಿಲ್ಲ.

ಶುರುವಿನಲ್ಲಿ ಹೇಳುವವರ ಹೆಸರು, ಊರು, ತಾರೀಕು, ಯಾರಿಂದ ಕಲಿತದ್ದು ಎಂಬುದನ್ನು ಅವರ ದನಿಯಲ್ಲೇ ಹೇಳಿಸಿ, ಒಪ್ಪಿಗೆಯನ್ನೂ ಕೇಳಿ. ಹೊತ್ತಲ್ಲದ ಹೊತ್ತಲ್ಲಿ ಹಾಡಬಾರದೆಂದರೆ ಒತ್ತಾಯ ಮಾಡಬೇಡಿ. ವೇವ್ ಕಡತವನ್ನು ಅದೇ ರಾತ್ರಿ ಎರಡು ಕಡೆ ನಕಲು ಮಾಡಿ. ವಾಟ್ಸ್ಆ್ಯಪಿಗೆ ಎಂಪಿ3 ಆಮೇಲೆ ಮಾಡಿಕೊಳ್ಳಬಹುದು.

ಈಗಾಗಲೇ ಎಚ್‌1ಎನ್ ಇರುವವರು ಬದಲಿಸಬೇಕಾಗಿಲ್ಲ. ಹೊಸದಾಗಿ ಕೊಳ್ಳುವವರು 2024ರ ಎಚ್‌1 ಎಸೆನ್ಷಿಯಲ್ ನೋಡಿ. ಅದು ತೀರಾ ಮೆಲುದನಿ, ತೀರಾ ಜೋರುದನಿ ಎರಡನ್ನೂ ಹಿಡಿಯುವ 32 ಬಿಟ್ ಫ್ಲೋಟ್‌ನಲ್ಲಿ ದಾಖಲಿಸುವುದರಿಂದ ಮಟ್ಟ ಹೊಂದಿಸುವ ಕೆಲಸವೇ ಇಲ್ಲ, ಪಿಸುಮಾತೂ ಚಂಡೆಯೂ ಬರುವ ಆಟಗಳಿಗೆ ಅದೇ ಮೇಲು. ಯಾವುದನ್ನೇ ತಂದರೂ ಗಾಳಿ ತಡೆಯುವ ಫೋಮ್ ಟೋಪಿ, ಟ್ರೈಪಾಡ್ ಜತೆಗೇ ಕೊಳ್ಳಿ. ಮಳೆಗಾಲದಲ್ಲಿ ಸೆಲ್ ತೆಗೆದು, ಸಿಲಿಕಾ ಜೆಲ್ ಪೊಟ್ಟಣದ ಜತೆ ಗಾಳಿಯಾಡದ ಡಬ್ಬಿಯಲ್ಲಿಡಿ.