ಥಾಯ್ಲೆಂಡ್‌ಗೆ ಹೊರಟರೆ: ಇಲ್ಲಿಂದ ಒಯ್ಯುವುದಾ, ಅಲ್ಲೇ ಕೊಳ್ಳುವುದಾ?

ಬ್ಯಾಂಕಾಕ್, ಕ್ರಾಬಿ ಕಡೆ ಟಿಕೆಟ್ ಬುಕ್ ಆದ ಕೂಡಲೇ ನಮ್ಮವರು ಬಟ್ಟೆ ಅಂಗಡಿಗೆ ಓಡುತ್ತಾರೆ. ತೆಳು ಶರ್ಟು, ಚಡ್ಡಿ, ಟೋಪಿ, ಚಪ್ಪಲಿ ಎಲ್ಲ ಅಲ್ಲಿ ಬೀದಿ ಬೀದಿಯಲ್ಲಿ ಸಿಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಬೆಂಗಳೂರಲ್ಲೇ ಕೂತು ಸರಿ ಮಾಡಿಕೊಳ್ಳಬೇಕಾದದ್ದು ದುಡ್ಡು ಮತ್ತು ಫೋನು. ಎರಡಕ್ಕೂ ಮೂರು ಮೂರು ದಾರಿ ಇವೆ, ಎಲ್ಲವನ್ನೂ ಬಳಸಿ ನೋಡಿದ್ದೇನೆ.

ಮೊದಲು ದುಡ್ಡು. ಮಾಮೂಲಿ ಡೆಬಿಟ್ ಕಾರ್ಡ್ ಒಯ್ದು ಅಲ್ಲಿನ ಎಟಿಎಂನಲ್ಲಿ ತೆಗೆಯುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುಬಾರಿ ಕೂಡ. ಹೊರದೇಶದ ಕಾರ್ಡ್ ಹಾಕಿದರೆ ಥಾಯ್ ಎಟಿಎಂಗಳು ಪ್ರತಿ ಸಲವೂ ಸುಮಾರು 220 ಬಾತ್ (ಅಲ್ಲಿನ ಹಣ) ಹಿಡಿಯುತ್ತವೆ, ಕೆಲವು ಕಡೆ ಇನ್ನೂ ಜಾಸ್ತಿ. 2,000 ಬಾತ್ ತೆಗೆದರೆ ನೂರಕ್ಕೆ 11 ಹೋಯಿತು! 20,000 ತೆಗೆದರೆ ಅದೇ 220 ಅಷ್ಟೊಂದು ಚುಚ್ಚುವುದಿಲ್ಲ. ಇದರ ಮೇಲೆ ನಮ್ಮ ಬ್ಯಾಂಕು ಹಾಕುವ ಮಾರ್ಕಪ್ ಅನ್ನುವ ಹೆಚ್ಚುವರಿ ಶುಲ್ಕ, ಅದಕ್ಕೆ ಜಿಎಸ್‌ಟಿ ಬೇರೆ. ಇನ್ನೊಂದು, ಎಟಿಎಂ ಪರದೆ ಮೇಲೆ ಲೆಕ್ಕವನ್ನು ರೂಪಾಯಿಯಲ್ಲೇ ತೋರಿಸಿ ಒಪ್ಪಿಗೆನಾ ಅಂತ ಕೇಳುತ್ತದೆ. ಬೇಡ ಅನ್ನಿ. ರೂಪಾಯಿಯಲ್ಲಿ ತೋರಿಸುವ ಆ ದರ ಯಾವಾಗಲೂ ಕೆಟ್ಟದ್ದೇ, ಬಾತ್‌ನಲ್ಲೇ ಲೆಕ್ಕ ಹಾಕಲಿ.

ಫಾರೆಕ್ಸ್ ಕಾರ್ಡ್, ಅಂದರೆ ಮೊದಲೇ ವಿದೇಶಿ ಹಣ ತುಂಬಿಸಿಕೊಂಡು ಒಯ್ಯುವ ಕಾರ್ಡ್, ಹೋಟೆಲ್‌ಗೆ, ಮಾಲ್‌ಗೆ ಚೆನ್ನ. ಕಳೆದುಹೋದರೆ ಬ್ಲಾಕ್ ಮಾಡಬಹುದು ಅನ್ನೋ ಧೈರ್ಯವೂ ಇರುತ್ತದೆ. ಆದರೆ ಡಾಲರ್ ತುಂಬಿಸಿಕೊಂಡು ಹೋಗಿ ಬಾತ್‌ನಲ್ಲಿ ಉಜ್ಜಿದರೆ ಕರೆನ್ಸಿ ಬದಲಿಗೆ ಅಂತ ಮತ್ತೊಂದು ಶುಲ್ಕ ಬೀಳುತ್ತದೆ, ಹಾಗಾಗಿ ಬಾತ್ ತುಂಬಿಸಲು ಬರುತ್ತದಾ ಅಂತ ಮೊದಲೇ ಕೇಳಿ. ಎಟಿಎಂನ 220 ಈ ಕಾರ್ಡಿಗೂ ತಪ್ಪಿದ್ದಲ್ಲ. ಬೀದಿ ಊಟ, ಸಾಂಗ್‌ಥ್ಯಾವ್ ಅನ್ನುವ ಪಿಕಪ್ ಟ್ಯಾಕ್ಸಿ, ದ್ವೀಪಕ್ಕೆ ಹೋಗುವ ಉದ್ದ ಬಾಲದ ದೋಣಿ, ಇಲ್ಲೆಲ್ಲ ನೋಟೇ ಬೇಕು. ಅಲ್ಲಿಯ ಜನ ಕ್ಯೂಆರ್ ಸ್ಕ್ಯಾನ್ ಮಾಡಿ ಕೊಡುತ್ತಾರೆ ನಿಜ, ಅದು ಹೆಚ್ಚಾಗಿ ಅವರ ಬ್ಯಾಂಕಿನ ಖಾತೆ ಇದ್ದವರಿಗೆ.

ನನ್ನ ಓಟು ನಗದು ಡಾಲರ್‌ಗೆ. ಇಲ್ಲಿ 100ರ ಹೊಸ ನೋಟು ತೆಗೆದುಕೊಂಡು ಹೋಗಿ ಅಲ್ಲಿ ಬಾತ್ ಮಾಡಿಸುವುದು. 100, 50ರ ನೋಟಿಗೆ ಸಿಗುವ ದರ ಚಿಲ್ಲರೆ ಡಾಲರ್‌ಗೆ ಸಿಗುವುದಿಲ್ಲ. ಹರಿದದ್ದು, ಪೆನ್ನಿನ ಗೀಟು ಬಿದ್ದದ್ದು ಬೇಡ ಅಂತ ವಾಪಸ್ ಕೊಡುತ್ತಾರೆ. ಸುವರ್ಣಭೂಮಿ ವಿಮಾನ ನಿಲ್ದಾಣದಲ್ಲಿ ಹೊರಗೆ ಬರುತ್ತಿದ್ದ ಹಾಗೆ ಎದುರಿಗೆ ಸಿಗುವ ಬ್ಯಾಂಕ್ ಕೌಂಟರ್‌ಗಳನ್ನು ದಾಟಿ, ಎಸ್ಕಲೇಟರ್ ಹಿಡಿದು ರೈಲು ನಿಲ್ದಾಣ ಇರುವ ಕೆಳ ಅಂತಸ್ತಿಗೆ ಇಳಿದರೆ ಸೂಪರ್‌ರಿಚ್ ಮುಂತಾದ ಚಿಕ್ಕ ಕೌಂಟರ್‌ಗಳಿವೆ, ದರದ ಅಂತರ ಬೋರ್ಡ್ ನೋಡಿದರೇ ಗೊತ್ತಾಗುತ್ತದೆ. ಪಾಸ್‌ಪೋರ್ಟ್ ಕೈಯಲ್ಲಿರಲಿ. ಇಲ್ಲಿಂದಲೇ ಬಾತ್ ಒಯ್ದರೂ ಆಗುತ್ತದೆ, ದರ ಮಾತ್ರ ಅಷ್ಟಕ್ಕಷ್ಟೇ. ಕಳ್ಳರ ಭಯ ಇದ್ದವರು ಮುಕ್ಕಾಲು ನಗದು, ಕಾಲು ಕಾರ್ಡ್ ಮಾಡಿಕೊಳ್ಳಿ.

ಫೋನಿನ ವಿಷಯದಲ್ಲಿ ನಮ್ಮ ತಲೆನೋವು ಒಂದೇ, ಓಟಿಪಿ. ಬ್ಯಾಂಕಿನ ಮೆಸೇಜ್ ನಮ್ಮೂರ ನಂಬರಿಗೇ ಬರಬೇಕಲ್ವಾ? ಅದಕ್ಕೇ ನನಗೆ ಇಸಿಮ್ (ಚಿಪ್ ಇಲ್ಲದೆ ಫೋನಿನೊಳಗೇ ಡೌನ್‌ಲೋಡ್ ಆಗುವ ಸಿಮ್) ಇಷ್ಟ. ಮನೆಯ ವೈಫೈನಲ್ಲೇ ಹಾಕಿಕೊಂಡು ಹೋದರೆ ಇಳಿದ ಕೂಡಲೇ ಡೇಟಾ ಶುರು, ನಮ್ಮ ಸಿಮ್ ತನ್ನ ಜಾಗದಲ್ಲಿ ತಾನಿರುತ್ತದೆ. ಆ ಸಿಮ್ಮಿನ ಡೇಟಾ ಮಾತ್ರ ಆಫ್ ಮಾಡಿಡಿ. ರೋಮಿಂಗ್ ಆನ್ ಆಗಿದ್ದರೆ ಬರುವ ಎಸ್‌ಎಂಎಸ್‌ಗೆ ಸಾಮಾನ್ಯವಾಗಿ ದುಡ್ಡು ಹಿಡಿಯುವುದಿಲ್ಲ, ಆದರೆ ಅದನ್ನು ಇಲ್ಲಿರುವಾಗಲೇ ಆನ್ ಮಾಡಿಸಬೇಕು. ಅಲ್ಲಿನ ಎಐಎಸ್, ಟ್ರೂ ಕಂಪನಿಗಳ ಟೂರಿಸ್ಟ್ ಸಿಮ್‌ಗಳು ಅಗ್ಗ, ಥಾಯ್ ನಂಬರ್ ಕೂಡ ಸಿಗುತ್ತದೆ. ನನ್ನ ಹೆಂಡತಿಯ ಫೋನಿಗೆ ಅದನ್ನೇ ಹಾಕಿಸಿದೆವು, ಕ್ರಾಬಿಯ ದ್ವೀಪಗಳಲ್ಲೂ ಸಿಗ್ನಲ್‌ಗೆ ಮೋಸ ಆಗಲಿಲ್ಲ. ಒಂದೇ ಸಿಮ್ ಹಿಡಿಸುವ ಫೋನಾದರೆ ಮಾತ್ರ ಊರಿನ ಸಿಮ್ ತೆಗೆದು ಪರ್ಸ್‌ಗೆ ಹಾಕಬೇಕು, ಓಟಿಪಿ ಕಥೆ ಮುಗಿಯಿತು. ನಮ್ಮ ಕಂಪನಿಗಳ ರೋಮಿಂಗ್ ಪ್ಯಾಕ್ ದುಬಾರಿ. ಆದರೂ ಜೊತೆಗೆ ಬರುವ ಅಪ್ಪ ಅಮ್ಮನ ಫೋನಿಗೆ ಅದೇ ವಾಸಿ. ಏನೂ ಬದಲಾಯಿಸುವ ಹಾಗಿಲ್ಲ, ನೀವು ದಿನಕ್ಕೆ ಹತ್ತು ಸಲ ಸೆಟ್ಟಿಂಗ್ಸ್ ವಿವರಿಸುವ ಹಾಗೂ ಇಲ್ಲ.

ಸೊಳ್ಳೆಗೆ ಓಡೋಮಸ್ ಒಯ್ದೆ, ಅಲ್ಲಿ ಡೀಟ್ ಅನ್ನುವ ಸೊಳ್ಳೆ ಓಡಿಸುವ ರಾಸಾಯನಿಕ ಇರುವ ಸ್ಪ್ರೇ ಕೊಂಡೆ. ಬೆವರು ಸುರಿಯುವ ಆ ಸೆಕೆಯಲ್ಲಿ, ಅದರಲ್ಲೂ ಕಾಂಡ್ಲಾ ಕಾಡಿನ ಕಡೆ, ಸ್ಪ್ರೇನೇ ಗೆದ್ದಿತು. ಡೆಂಗಿ ಸೊಳ್ಳೆ ಕಚ್ಚುವುದು ಹಗಲಲ್ಲಿ, ಹಾಗಾಗಿ ಸಂಜೆವರೆಗೆ ಕಾಯಬೇಡಿ. ಡೀಟ್ ಪ್ಲಾಸ್ಟಿಕ್ ತಿನ್ನುತ್ತದೆ, ವಾಚಿನ ಪಟ್ಟಿ, ಕೂಲಿಂಗ್ ಗ್ಲಾಸ್ ಜೋಪಾನ. ಸನ್‌ಸ್ಕ್ರೀನ್ ಮಾತ್ರ ಇಲ್ಲಿಂದಲೇ ಒಯ್ಯಿರಿ, ಲೇಬಲ್ ಓದಿ ಒಯ್ಯಿರಿ. ಹವಳಕ್ಕೆ ಹಾನಿ ಅಂತ ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್‌ಗಳನ್ನು ಸಮುದ್ರದ ರಾಷ್ಟ್ರೀಯ ಉದ್ಯಾನಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ, ದಂಡ 1 ಲಕ್ಷ ಬಾತ್‌ವರೆಗೂ ಇದೆ.

ಮಳೆಗೆ ಬೆಂಗಳೂರಿನ ಬೈಕ್ ಜರ್ಕಿನ್ ಒಯ್ದರೆ ಒಳಗಿನ ಬೆವರಿಗೇ ನೆನೆಯುತ್ತೀರಿ. ಸೆವೆನ್ ಇಲೆವೆನ್ ಅಂಗಡಿಯ ತೆಳು ಪ್ಲಾಸ್ಟಿಕ್ ಪಾಂಚೋ ಸಾಕು. ಮಲೆನಾಡಿನವರಿಗೆ ಮಳೆ ಏನು ಹೊಸದಾ ಅನ್ನಬಹುದು, ಆದರೆ ಕ್ರಾಬಿ, ಫುಕೆಟ್ ಕಡೆ ಮೇಯಿಂದ ಅಕ್ಟೋಬರ್‌ವರೆಗೆ ಸಮುದ್ರ ಕೆರಳಿದರೆ ದೋಣಿಯೇ ಹೊರಡುವುದಿಲ್ಲ. ಆಗ ಆಚೆ ಬದಿಯ ಕರಾವಳಿಯ ಸಮುಯಿ ದ್ವೀಪ ಒಳ್ಳೆಯದು, ಅಲ್ಲಿ ಜೋರು ಮಳೆ ಅಕ್ಟೋಬರ್‌ನಿಂದ ಡಿಸೆಂಬರ್.

ಚಾರ್ಜರ್‌ನ ಎರಡು ಪಿನ್ ಹಾಗೇ ಹಿಡಿಸುತ್ತದೆ, ಲ್ಯಾಪ್‌ಟಾಪ್‌ನ ದಪ್ಪ ಮೂರು ಪಿನ್‌ಗೆ ಅಡಾಪ್ಟರ್ ಬೇಕು. ಮೇ 2025ರಿಂದ ಡಿಜಿಟಲ್ ಅರೈವಲ್ ಕಾರ್ಡ್ ಅನ್ನುವ ಆನ್‌ಲೈನ್ ಫಾರ್ಮ್ ಬೇರೆ ತುಂಬಬೇಕು, ಇಳಿಯುವ ದಿನಕ್ಕೆ ಮುಂಚಿನ ಮೂರು ದಿನದ ಒಳಗೆ. ಏಜೆಂಟ್ ಕೈಯಲ್ಲೂ ಮಾಡಿಸಬಹುದು, ನೀವೇ ಕೂತು ತುಂಬಲೂಬಹುದು. ನೀವೇ ತುಂಬಿ. ಸರ್ಕಾರದ ಸೈಟಿನಲ್ಲಿ ಅದು ಪೂರ್ತಿ ಉಚಿತ, ದುಡ್ಡು ಕೇಳುವ ಸೈಟ್ ಸಿಕ್ಕರೆ ಅಲ್ಲಿಂದ ಆಚೆ ಬನ್ನಿ.